ಎರೆಮಣ್ಣಿನ ದಾರಿ, ಹಳೆಯ ಕಾರಿನ ಕ್ಯಾಮ್‌ಶಾಫ್ಟು

ತಾಳಿಕೋಟೆಯ ಹೆಸರನ್ನು ನಾಡಿನ ಶಾಲೆಗಳಲ್ಲಿ ಓದಿದವರೆಲ್ಲರೂ ಬಲ್ಲರು. ಆದರೆ ಆ ಹೆಸರಿನೊಡನೆ ಗಂಟುಬಿದ್ದಿರುವ ಯುದ್ಧವು, 1565ನೆಯ ಇಸವಿಯ ಜನವರಿ 23ರಂದು ಅಳಿಯ ರಾಮರಾಯನ ತಲೆಯನ್ನೂ ವಿಜಯನಗರದ ಭಾಗ್ಯವನ್ನೂ ಒಂದೇ ಹಗಲಿನಲ್ಲಿ ಉರುಳಿಸಿದ ಆ ಯುದ್ಧವು, ಈ ಊರಿನ ಅಂಗಳದಲ್ಲಿ ನಡೆದುದಲ್ಲವೆಂಬುದನ್ನು ಈ ಸೀಮೆಯವರಲ್ಲದೆ ಹೊರಗಿನವರು ಅಷ್ಟಾಗಿ ನೆನೆಯುವುದಿಲ್ಲ. ದಖ್ಖನಿನ ಸುಲ್ತಾನರ ಸೇನೆಗಳು 1564ರ ಡಿಸೆಂಬರಿನಲ್ಲಿ ಡೋಣಿ ನದಿಯ ದಂಡೆಯ ಈ ಊರಿನಲ್ಲಿ ಕೂಡಿ ಬೀಡುಬಿಟ್ಟವು. ಕಾದಾಟ ನಡೆದದ್ದು ದಕ್ಷಿಣಕ್ಕೆ, ಕೃಷ್ಣೆಯ ಬಳಿ, ರಕ್ಕಸಗಿ ತಂಗಡಗಿಗಳೆಂಬ ಹಳ್ಳಿಗಳ ಹೆಸರಿನಿಂದ ಇತಿಹಾಸಕಾರರು ಗುರುತಿಸುವ ನೆಲದಲ್ಲಿ. ಬೀಡುಬಿಟ್ಟ ಊರಿಗೆ ಕೀರ್ತಿಯೂ ರಕ್ತ ಹರಿದ ನೆಲಕ್ಕೆ ಮರೆವೂ ದೊರೆತದ್ದು ನ್ಯಾಯವೇ ಎಂಬ ಪ್ರಶ್ನೆಯನ್ನು ಚರಿತ್ರೆಯ ಪಂಡಿತರಿಗೆ ಬಿಡೋಣ. ಆ ಕಥೆಯಲ್ಲಿ ನನ್ನ ಕುತೂಹಲವನ್ನು ಕೆರಳಿಸುವುದು ರಾಜರ ವೈರವಲ್ಲ. ಅಷ್ಟು ತೋಪುಗಳನ್ನೂ ಅಷ್ಟು ಮದ್ದುಗುಂಡುಗಳನ್ನೂ ಈ ಕರಿನೆಲದ ಮೇಲೆ ಎಳೆದು ತಂದವರು ಯಾರು, ಹೇಗೆ ಎಂಬುದು.

ಎಳೆದವು ಎತ್ತುಗಳು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಲಿಕ್-ಇ-ಮೈದಾನ್ ತೋಪನ್ನು 1632ರಲ್ಲಿ ಪರಂಡೆಯ ಕೋಟೆಯಿಂದ ವಿಜಯಪುರಕ್ಕೆ ತಂದಾಗ ಹತ್ತು ಆನೆಗಳೂ ನಾನೂರು ಎತ್ತುಗಳೂ ನೂರಾರು ಆಳುಗಳೂ ಅದಕ್ಕೆ ಹೆಗಲು ಕೊಟ್ಟುವೆಂದು ಜನಜನಿತವಾದ ಮಾತಿದೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದರೂ ಇರಲಿ, ನೆಲದ ವಿಷಯದಲ್ಲಿ ಉತ್ಪ್ರೇಕ್ಷೆ ಇಲ್ಲ. ಇಲ್ಲಿಯ ಎರೆಭೂಮಿ ಮಳೆ ಹನಿದ ಗಳಿಗೆಯಿಂದ ಉಬ್ಬಿ, ಅಂಟಾಗಿ, ಚಕ್ಕಡಿಯ ಗಾಲಿಯ ಅರಗಳ ನಡುವೆ ತುಂಬಿಕೊಂಡು ಗಾಲಿಯನ್ನೇ ಒಂದು ಮಣ್ಣಿನ ಮುದ್ದೆಯನ್ನಾಗಿ ಮಾಡುತ್ತದೆ. ಬೇಸಗೆಯಲ್ಲಿ ಅದೇ ನೆಲ ಕಾಲು ಹೂತುಹೋಗುವಷ್ಟು ಆಳಕ್ಕೆ ಬಿರಿಯುತ್ತದೆ. ಜತ್ತದ ಕಡೆಯಿಂದ ಹರಿದು ಬಂದು ಕೃಷ್ಣೆಯನ್ನು ಸೇರುವ ಡೋಣಿ ತುಂಬಿ ಬಂತೆಂದರೆ ಇಂದಿಗೂ ಊರ ಬಳಿಯ ತಗ್ಗು ಸೇತುವೆ ಮುಳುಗಿ, ವಾಹನಗಳು ಎರಡೂ ದಡಗಳಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಅದೇ ಡೋಣಿಯ ಮೆಕ್ಕಲಿನಲ್ಲಿ ಬಿಳಿಜೋಳ ಒಳ್ಳೆಯ ಹದಕ್ಕೆ ಬೆಳೆಯುವುದರಿಂದ ಜನ ಆ ನದಿಯನ್ನು ಬಯ್ಯುವುದೂ ಉಂಟು, ಹರಸುವುದೂ ಉಂಟು.

ಇಂಥ ನೆಲದ ಒಕ್ಕಲಿಗನಿಗೆ ಎತ್ತಿನ ಆಯ್ಕೆ ಒಂದು ಶಾಸ್ತ್ರವೇ ಆಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗಲಿ ಸೀಮೆಯ ಪಟವರ್ಧನ ಅರಸರ ಆಸಕ್ತಿಯಿಂದ ರೂಪುಗೊಂಡಿತೆಂದು ಹೇಳುವ ಕೃಷ್ಣಾ ಕಣಿವೆಯ ತಳಿ ಮೈಯಲ್ಲಿ ಭಾರ, ನಡಿಗೆಯಲ್ಲಿ ಮಂದ. ಆದರೆ ಎರೆಹೊಲದಲ್ಲಿ ಆಳದ ನೇಗಿಲಿಗೆ ಹೂಡಿದರೆ ಅದಕ್ಕೆ ಸರಿಗಟ್ಟುವ ಎತ್ತು ಇಲ್ಲ. ಖಿಲಾರಿ ತಳಿಯಾದರೋ ಹಗುರ, ಚುರುಕು, ಗಟ್ಟಿದಾರಿಯಲ್ಲಿ ಓಡಲೆಂದೇ ಹುಟ್ಟಿದ್ದು. ಜಾತ್ರೆಯ ದನದ ಪೇಟೆಯಲ್ಲಿ ನಿಂತ ಅನುಭವಿ ರೈತನು ಎರಡರಲ್ಲಿ ಯಾವುದು ಮೇಲು ಎಂದು ಕೇಳುತ್ತಿರಲಿಲ್ಲ. ನನ್ನ ಕೆಲಸ ಹೊಲದ್ದೋ ದಾರಿಯದೋ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದನು. ಹಳೆಯ ಕಾರಿನ ಇಂಜಿನ್ನಿಗೆ ಹೊಸ ಕ್ಯಾಮ್‌ಶಾಫ್ಟನ್ನು ಆರಿಸಹೊರಟವನು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ ಆಗಿರುವುದರಿಂದ ಈ ಎತ್ತುಗಳ ಪ್ರಸ್ತಾಪವನ್ನು ಮೊದಲಿಗೇ ಮಾಡಿದೆ.

ಎತ್ತಿನಿಂದ ಯಂತ್ರಕ್ಕೆ ಬರೋಣ. ಕಲಾದಗಿಯಿಂದ ಜಿಲ್ಲೆಯ ಕಚೇರಿ 1885ರಲ್ಲಿ ವಿಜಯಪುರಕ್ಕೆ ಬಂದುದಕ್ಕೆ ಒಂದು ವರ್ಷ ಹಿಂದೆ, 1884ರಲ್ಲಿ, ಹೊಟಗಿಯಿಂದ ಗದಗದವರೆಗಿನ ರೈಲುದಾರಿ ತೆರೆಯಿತು. ಅದು ವಿಜಯಪುರವನ್ನೂ ಆಲಮಟ್ಟಿಯನ್ನೂ ಮುಟ್ಟಿತೇ ಹೊರತು ತಾಳಿಕೋಟೆಗೆ ಬರಲಿಲ್ಲ. ಇಂಡಿಗೆ ರೈಲಿನ ಭಾಗ್ಯವಿತ್ತು. ಸಿಂದಗಿ, ಮುದ್ದೇಬಿಹಾಳ, ತಾಳಿಕೋಟೆಗಳಿಗೆ ರಸ್ತೆಯೇ ಗತಿಯಾಯಿತು. ಆದುದರಿಂದಲೇ ಈ ಭಾಗದಲ್ಲಿ ಮೋಟಾರಿಗೆ ದೊರೆತ ಗೌರವ ರೈಲು ನಿಲ್ದಾಣವಿದ್ದ ಊರುಗಳಲ್ಲಿ ದೊರೆತುದಕ್ಕಿಂತ ಹೆಚ್ಚಿನದು. ಮುಂಬಯಿ ಪ್ರಾಂತದ ಆಡಳಿತ ನಡೆದಷ್ಟು ದಿನ ಮುಂಬಯಿಯ ಸಾರಿಗೆ ಸಂಸ್ಥೆಯೂ, 1956ರ ಏಕೀಕರಣದ ತರುವಾಯ ಮೈಸೂರು ಸರ್ಕಾರದ ಸಾರಿಗೆ ಇಲಾಖೆಯೂ, 1961ರಿಂದ ನಿಗಮವೂ ಬಸ್ಸುಗಳನ್ನು ನಡೆಸಿದವು. 1964ರ ಮೇ ತಿಂಗಳಿನಲ್ಲಿ ಲಾಲ್‌ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಮೇಲೆ ಕೃಷ್ಣಾ ಯೋಜನೆಯ ಜೀಪುಗಳೂ ಲಾರಿಗಳೂ ಈ ಸೀಮೆಯ ಧೂಳಿಗೆ ತಮ್ಮ ಪಾಲನ್ನು ಸೇರಿಸಿದವು.

ಖಾಸಗಿ ಕಾರು ಎಂಬುದು ಆ ಕಾಲದಲ್ಲಿ ಬಹುಮಟ್ಟಿಗೆ ಎರಡೇ ಹೆಸರುಗಳ ಮಾತು: ಫಿಯಟ್, ಅಂಬಾಸಡರ್. ಫಿಯಟ್ಟಿನ ಹಿಂದೆ ಒಬ್ಬ ಕನ್ನಡಿಗನ ಕನಸು ಇತ್ತೆಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಸರ್ ಎಂ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಯುರೋಪು ಅಮೆರಿಕೆಗಳ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದು, ಭಾರತದಲ್ಲಿ ಕಾರು ತಯಾರಿಸುವ ಯೋಜನೆಯೊಂದನ್ನು ಬರೆದು ಸಿದ್ಧಪಡಿಸಿದರು. ವಾಲಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡು ಅಮೆರಿಕೆಯ ಕ್ರೈಸ್ಲರ್ ಸಂಸ್ಥೆಯೊಡನೆ ಮಾತುಕತೆ ನಡೆಸಿದರು. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ಸ್ಥಾಪಿಸುವ ಮಾತೂ ನಡೆಯಿತು. ಯುದ್ಧಕಾಲದ ಬ್ರಿಟಿಷ್ ಸರ್ಕಾರ ಅದಕ್ಕೆ ಒಲಿಯಲಿಲ್ಲ. ಬೆಂಗಳೂರಿಗೆ ವಿಮಾನದ ಕಾರ್ಖಾನೆ 1940ರಲ್ಲಿ ಬಂದಿತು, ಕಾರಿನದು ಬರಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಿಂದ ಸ್ಥಾಪಿತವಾದ ಸಂಸ್ಥೆ ಮುಂಬಯಿಯ ಕುರ್ಲಾದಲ್ಲಿ ಮೊದಲು ಡಾಡ್ಜ್, ಪ್ಲಿಮತ್ ಗಾಡಿಗಳನ್ನು ಜೋಡಿಸಿ, ಐವತ್ತರ ದಶಕದಲ್ಲಿ ಇಟಲಿಯ ಫಿಯಟ್ ಸಂಸ್ಥೆಯ ಸಹಯೋಗದಿಂದ ಫಿಯಟ್ 1100ನ್ನು ಹೊರತಂದಿತು. 1964ರಲ್ಲಿ ಅದು ಡಿಲೈಟ್ ಆಯಿತು, 1974ರಲ್ಲಿ ಪದ್ಮಿನಿಯಾಯಿತು, ಶತಮಾನದ ಕೊನೆಗೆ ನಿಂತುಹೋಯಿತು. ಅಂಬಾಸಡರ್ 1957ರ ಹೊತ್ತಿಗೆ ಬಂಗಾಳದ ಉತ್ತರಪಾರಾದಲ್ಲಿ ಹುಟ್ಟಿ 2014ರ ಮೇ ತಿಂಗಳವರೆಗೆ ಬದುಕಿತು. ಒಂದು ಇಟಲಿಯ ಕುಲ, ಮತ್ತೊಂದು ಇಂಗ್ಲೆಂಡಿನ ಮೋರಿಸ್ ಕುಲ.

ಈ ಎರಡು ಇಂಜಿನ್ನುಗಳ ಅಳತೆಯನ್ನು ನೋಡಿದರೆ ಅವುಗಳ ಸ್ವಭಾವ ಅರ್ಥವಾಗುತ್ತದೆ. ಫಿಯಟ್ಟಿನ ಬೋರು 68 ಮಿಲಿಮೀಟರು, ಸ್ಟ್ರೋಕು 75. ನಾಲ್ಕು ಸಿಲಿಂಡರುಗಳು ಸೇರಿ 1089 ಸಿ.ಸಿ. ಅಂಬಾಸಡರಿನ ಪ್ರಸಿದ್ಧ ಪೆಟ್ರೋಲ್ ಇಂಜಿನ್ನಿನ ಬೋರು 73 ಮಿಲಿಮೀಟರು, ಸ್ಟ್ರೋಕು ಹೆಚ್ಚುಕಡಮೆ 89. ಒಟ್ಟು 1489 ಸಿ.ಸಿ. ಎರಡರಲ್ಲಿಯೂ ಕ್ಯಾಮ್‌ಶಾಫ್ಟು ಬ್ಲಾಕಿನ ಹೊಟ್ಟೆಯಲ್ಲಿ, ಕ್ರಾಂಕಿನ ಪಕ್ಕದಲ್ಲಿ, ಚೈನಿನಿಂದ ತಿರುಗುತ್ತದೆ. ಅದರ ಮೇಲೆ ಟ್ಯಾಪೆಟ್ಟು, ಟ್ಯಾಪೆಟ್ಟಿನ ಮೇಲೆ ಪುಶ್‌ರಾಡು, ಅದರ ತುದಿಯಲ್ಲಿ ರಾಕರು, ರಾಕರಿನ ಕೆಳಗೆ ವಾಲ್ವು. ಪಿಸ್ಟನ್ ಓಡುವ ದೂರ ಬೋರಿಗಿಂತ ಹೆಚ್ಚಾದ ಇಂಜಿನ್ನು ನಿಧಾನದಲ್ಲಿ ಬಲವಾಗಿ ಎಳೆಯುವುದಕ್ಕೆ ಒಗ್ಗಿದ್ದು. ಅದನ್ನು ಅತಿವೇಗಕ್ಕೆ ತಿರುಗಿಸಿದರೆ ಪಿಸ್ಟನ್ನಿನ ಓಟ ಮಿತಿಮೀರುತ್ತದೆ: ಅಂಬಾಸಡರಿನ ಪಿಸ್ಟನ್ನು ನಿಮಿಷಕ್ಕೆ 4200 ಸುತ್ತಿನಲ್ಲಿ ಸರಾಸರಿ ಸೆಕೆಂಡಿಗೆ ಹನ್ನೆರಡೂವರೆ ಮೀಟರಿನಷ್ಟು ಓಡಿದರೆ 6000 ಸುತ್ತಿನಲ್ಲಿ ಹದಿನೆಂಟು ಮೀಟರಿನ ಹತ್ತಿರ ಹೋಗುತ್ತದೆ, ಆ ಕ್ರಾಂಕನ್ನು ಹಿಡಿದಿರುವ ಮೇನ್ ಬೇರಿಂಗುಗಳು ಮೂರೇ ಮೂರು.

ಕ್ಯಾಮ್‌ಶಾಫ್ಟಿನ ಕೆಲಸವನ್ನು ಬಲ್ಲವರಿಗೆ ಮುಂದಿನ ಕೆಲವು ವಾಕ್ಯಗಳು ಬೇಡ. ಕ್ರಾಂಕು ಎರಡು ಸುತ್ತು ತಿರುಗುವಾಗ ಅದು ಒಂದು ಸುತ್ತು ತಿರುಗಿ, ತನ್ನ ಮೈಮೇಲಿನ ಉಬ್ಬುಗಳಿಂದ ವಾಲ್ವುಗಳನ್ನು ತಕ್ಕ ಹೊತ್ತಿಗೆ ತೆರೆಯುತ್ತದೆ. ವಾಲ್ವನ್ನು ಮುಚ್ಚುವುದು ಸ್ಪ್ರಿಂಗು. ಉಬ್ಬು ಎಷ್ಟು ಎತ್ತುತ್ತದೆ, ಎಷ್ಟು ಹೊತ್ತು ಎತ್ತಿ ಹಿಡಿಯುತ್ತದೆ, ಹೊಗೆಯ ವಾಲ್ವು ಪೂರ್ತಿ ಮುಚ್ಚುವ ಮೊದಲೇ ಒಳವಾಲ್ವು ತೆರೆದು ಎರಡೂ ಏಕಕಾಲದಲ್ಲಿ ಎಷ್ಟು ಡಿಗ್ರಿ ತೆರೆದಿರುತ್ತವೆ ಎಂಬ ಈ ಮೂರು ಸಂಗತಿಗಳಲ್ಲಿ ಇಂಜಿನ್ನಿನ ಗುಣವೆಲ್ಲ ಅಡಗಿದೆ. ಗಾಳಿಗೂ ತೂಕವಿದೆ, ಜಡತ್ವವಿದೆ. ಇಂಜಿನ್ನು ವೇಗವಾಗಿ ತಿರುಗುವಾಗ ಒಳನುಗ್ಗುವ ಪೆಟ್ರೋಲು ಮಿಶ್ರಿತ ಗಾಳಿ ಪಿಸ್ಟನ್ನು ತಳ ಮುಟ್ಟಿ ಮೇಲೇಳತೊಡಗಿದರೂ ತನ್ನ ರಭಸದಿಂದ ಇನ್ನೂ ಒಳಕ್ಕೆ ಬರುತ್ತಲೇ ಇರುತ್ತದೆಯಾದ್ದರಿಂದ ವಾಲ್ವನ್ನು ತಡವಾಗಿ ಮುಚ್ಚುವುದು ಲಾಭಕರ. ಅದೇ ಇಂಜಿನ್ನು ನಿಧಾನವಾಗಿ ತಿರುಗುವಾಗ ಗಾಳಿಗೆ ಆ ರಭಸವಿಲ್ಲ. ಮೇಲೇಳುವ ಪಿಸ್ಟನ್ನು ಆಗಷ್ಟೇ ಎಳೆದುಕೊಂಡುದನ್ನು ತೆರೆದ ವಾಲ್ವಿನಿಂದ ಹಿಂದಕ್ಕೆ, ಕಾರ್ಬ್ಯುರೇಟರಿನ ಕಡೆಗೆ ತಳ್ಳುತ್ತದೆ. ಒಂದೇ ಉಬ್ಬು ಎರಡು ವೇಗಗಳಿಗೂ ಸಮನಾಗಿ ಹಿತವಾಗಿರಲಾರದು. ಮೇಲಿನ ವೇಗದಲ್ಲಿ ಗಳಿಸಿದ್ದನ್ನು ಕೆಳಗಿನ ವೇಗದಲ್ಲಿ ತೆತ್ತೇ ತೀರಬೇಕು. ನಮ್ಮ ಮಿಸ್ತ್ರಿಗಳ ಭಾಷೆಯಲ್ಲಿ ಹೇಳುವುದಾದರೆ, ಸ್ಪೀಡು ಬಂದು ಪಿಕಪ್ ಹೋಗುತ್ತದೆ.

ಈ ತೆರುವ-ಪಡೆವ ಲೆಕ್ಕವನ್ನು ಮನುಷ್ಯನು ಕಲಿತ ಕಥೆ ದೀರ್ಘವಾದುದು. ತಿರುಗುವ ದಂಡದ ಮೇಲೆ ಉಬ್ಬನ್ನಿಟ್ಟು ಅದರಿಂದ ಮತ್ತೊಂದನ್ನು ಎತ್ತಿಸುವ ಉಪಾಯವನ್ನು ಅಲ್-ಜಜರಿ ಎಂಬ ಯಂತ್ರವಿದನು 1206ರ ತನ್ನ ಗ್ರಂಥದಲ್ಲಿ ಚಿತ್ರಸಹಿತ ವರ್ಣಿಸಿದ್ದಾನೆ; ಅಂದರೆ ತಾಳಿಕೋಟೆಯ ಯುದ್ಧಕ್ಕೆ ಮೂರೂವರೆ ಶತಮಾನಗಳ ಹಿಂದೆಯೇ ಅದು ಪಂಡಿತರ ವಿದ್ಯೆಯಾಗಿತ್ತು. 1876ರಲ್ಲಿ ಜರ್ಮನಿಯ ಆಟೊ ನಾಲ್ಕು ಸ್ಟ್ರೋಕಿನ ಇಂಜಿನ್ನನ್ನು ಓಡಿಸಿ ತೋರಿಸಿದನು. ಆದರೂ ಮೊದಲ ಮೋಟಾರುಗಳಲ್ಲಿ ಅನೇಕವು ಹೊಗೆಯ ವಾಲ್ವಿಗೆ ಮಾತ್ರ ಕ್ಯಾಮನ್ನಿಟ್ಟು, ಒಳವಾಲ್ವನ್ನು ಬಡಸ್ಪ್ರಿಂಗೊಂದರ ಮೇಲೆ ಬಿಟ್ಟು, ಪಿಸ್ಟನ್ನಿನ ಸೆಳೆತಕ್ಕೆ ಅದು ತಾನಾಗಿಯೇ ತೆರೆದುಕೊಳ್ಳಲೆಂದು ಸುಮ್ಮನಾಗಿದ್ದವು. ಫ್ರಾನ್ಸಿನ ದ ದಿಯೊಂ ಗಾಡಿಗಳು ಹಾಗೆಯೇ ಓಡಿದವು. ವೇಗದ ಆಸೆ ಹೆಚ್ಚಿದಂತೆ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಒಳವಾಲ್ವಿಗೂ ಕ್ಯಾಮು ಬಂದಿತು. 1912ರಲ್ಲಿ ಪೆಜೊ ಸಂಸ್ಥೆಯ ಗ್ರಾನ್ ಪ್ರಿ ಕಾರಿನಲ್ಲಿ ಎರ್ನೆಸ್ಟ್ ಆನ್ರಿ ಎಂಬ ಸ್ವಿಸ್ ತಂತ್ರಜ್ಞನು ಎರಡು ಕ್ಯಾಮ್‌ಶಾಫ್ಟುಗಳನ್ನು ಸಿಲಿಂಡರಿನ ನೆತ್ತಿಗೇ ಏರಿಸಿ, ಇಂದಿನ ಪೆಟ್ರೋಲ್ ಕಾರುಗಳಲ್ಲಿ ಬಹುಪಾಲು ಅನುಸರಿಸುವ ಹಾದಿಯನ್ನು ಹಾಕಿಕೊಟ್ಟನು.

ಕಾರ್ಖಾನೆ ಕೊಟ್ಟ ಶಾಫ್ಟನ್ನು ತೆಗೆದು ಬೇರೆಯದನ್ನು ಹಾಕುವುದನ್ನು ಒಂದು ಕಸುಬನ್ನಾಗಿ ಮಾಡಿದವರು ಕ್ಯಾಲಿಫೋರ್ನಿಯದವರು. ಫೋರ್ಡಿನ ಅಗ್ಗದ ಇಂಜಿನ್ನುಗಳು, ಮೈಲುಗಟ್ಟಲೆ ಹರಡಿದ ಒಣಸರೋವರಗಳ ಸಮತಲ, ಕೈಯಲ್ಲಿ ಸಾಣೆಯ ಯಂತ್ರ, ಎದೆಯಲ್ಲಿ ಪಂದ್ಯದ ಹುಚ್ಚು: ಇಷ್ಟು ಕೂಡಿದ ಕಡೆ ಕಸುಬು ಹುಟ್ಟದೆ ಇರುವುದೆಂತು? ಎಡ್ ವಿನ್‌ಫೀಲ್ಡ್ 1920ರ ದಶಕದಲ್ಲಿಯೇ ಕ್ಯಾಮುಗಳನ್ನು ಸಾಣೆ ಹಿಡಿದು ಹೆಸರಾದನು. ಎರಡನೆಯ ಮಹಾಯುದ್ಧ ಮುಗಿದ ತರುವಾಯ ಆರ್ಮೀನಿಯ ಮೂಲದ ಎಡ್ ಇಸ್ಕೆಂಡೇರಿಯನ್ ಸ್ವಂತ ಅಂಗಡಿ ತೆರೆದು ಆ ವಿದ್ಯೆಯನ್ನು ಉದ್ಯಮದ ಮಟ್ಟಕ್ಕೆ ಏರಿಸಿದನು. ಇಂಗ್ಲೆಂಡಿನಲ್ಲಿ ಮೋರಿಸ್, ಆಸ್ಟಿನ್, ಎಂ.ಜಿ. ಕಾರುಗಳ ಒಡೆತನದ ಬಿ.ಎಂ.ಸಿ. ಸಂಸ್ಥೆಯೇ ಆಬಿಂಗ್ಡನ್ನಿನಲ್ಲಿ ಒಂದು ವಿಶೇಷ ವಿಭಾಗವನ್ನಿಟ್ಟು, ತನ್ನ ಕಾರುಗಳಿಗೆ ಹದಹದದ ಶಾಫ್ಟುಗಳನ್ನು ಸಂಖ್ಯೆಯಿಟ್ಟು ಮಾರಿತು. ಆ ಸಂಖ್ಯೆಗಳ ಹಿಂದಿನ ಡಿಗ್ರಿಗಳಲ್ಲಿ ನಮಗೆ ಬೇಕಾದ ಪಾಠವಿದೆ. ಮೋರಿಸ್ ಮೈನರಿನ, ಮೊದಲ ಮಿನಿಯ ಸಾದಾ ಶಾಫ್ಟು ಒಳವಾಲ್ವನ್ನು ಪಿಸ್ಟನ್ನು ನೆತ್ತಿ ಮುಟ್ಟುವ ಐದು ಡಿಗ್ರಿ ಮೊದಲು ತೆರೆದು, ತಳ ಮುಟ್ಟಿದ 45 ಡಿಗ್ರಿ ತರುವಾಯ ಮುಚ್ಚುತ್ತಿತ್ತು; ಒಟ್ಟು 230 ಡಿಗ್ರಿ. ಪಂದ್ಯದವರ ನಡುವೆ 649 ಎಂಬ ಸಂಖ್ಯೆಯಿಂದಲೇ ಪ್ರಸಿದ್ಧವಾದ ಶಾಫ್ಟಿನಲ್ಲಿ ಅದು 300 ಡಿಗ್ರಿಯ ಮಟ್ಟಕ್ಕೆ ಏರಿತು. ಮೊದಲನೆಯದರಿಂದ ಪಾದ್ರಿಯೂ ಸೂಲಗಿತ್ತಿಯೂ ಹಳ್ಳಿಯ ಓಣಿಗಳಲ್ಲಿ ಮೆಲ್ಲಗೆ ಸಾಗಿದರು. ಎರಡನೆಯದಕ್ಕೆ ಪಂದ್ಯದ ಪಥದ ಹೊರಗೆ ನೆಟ್ಟಗೆ ನಿಂತು ಉಸಿರಾಡುವುದೂ ಕಷ್ಟ.

ನಮ್ಮ ದೇಶದಲ್ಲಿ ಈ ಹುಚ್ಚಿಗೆ ನೆಲೆಯಾದುದು ಮದರಾಸಿನ ಹೊರಗಿನ ಷೋಲಾವರಂ. ಯುದ್ಧಕಾಲದ ವಿಮಾನದಾರಿಯನ್ನೇ ಪಂದ್ಯದ ಪಥವನ್ನಾಗಿ ಮಾಡಿಕೊಂಡು, 1953ರಲ್ಲಿ ಹುಟ್ಟಿದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ದಶಕಗಳ ಕಾಲ ಕಾರುಗಳನ್ನು ಓಡಿಸಿದರು. 1990ರಲ್ಲಿ ಇರುಂಗಾಟ್ಟುಕೋಟ್ಟೆಯ ಪಥ ಸಿದ್ಧವಾಗುವವರೆಗೆ ದಕ್ಷಿಣದ ಪಂದ್ಯಗಾರರಿಗೆ ಅದೇ ಕಾಶಿ. ಬೆಂಗಳೂರಿನವರೂ ಅಲ್ಲಿಗೆ ಹೋದರು. ವಿಜಯ್ ಮಲ್ಯ ಎಂಬತ್ತರ ದಶಕದಲ್ಲಿ ಅಲ್ಲಿ ಎನ್ಸೈನ್ ಎಂಬ ಫಾರ್ಮುಲಾ ಒನ್ ಕಾರನ್ನೇ ಓಡಿಸಿದರು. ಆದರೆ ಹಣವಂತರ ಆಮದು ಕಾರುಗಳಿಗಿಂತ, ಫಿಯಟ್ಟು, ಅಂಬಾಸಡರು, ಹೆರಾಲ್ಡುಗಳೆಂಬ ದೇಶೀ ಗಾಡಿಗಳನ್ನೇ ತಿದ್ದಿ ತೀಡಿ ಪಂದ್ಯಕ್ಕಿಳಿಸಿದವರ ಸಾಹಸ ನನಗೆ ದೊಡ್ಡದಾಗಿ ತೋರುತ್ತದೆ. ಲೈಸೆನ್ಸು ಪರ್ಮಿಟ್ಟುಗಳ ಆ ಕಾಲದಲ್ಲಿ ಆಬಿಂಗ್ಡನ್ನಿನಿಂದ ಶಾಫ್ಟನ್ನು ತರಿಸುವುದು ಸುಲಭವಾಗಿರಲಿಲ್ಲವಾದ್ದರಿಂದ, ಹಳೆಯ ಶಾಫ್ಟನ್ನೇ ಮತ್ತೆ ಸಾಣೆಗೆ ಕೊಟ್ಟು ಉಬ್ಬಿನ ಆಕಾರವನ್ನು ಬದಲಿಸುವುದು ರೂಢಿಗೆ ಬಂತು.

ಈ ಮರುಸಾಣೆಯ ಯುಕ್ತಿಯನ್ನು ಸ್ವಲ್ಪ ನಿಂತು ನೋಡಬೇಕು. ಉಬ್ಬನ್ನು ಎತ್ತರಿಸಬೇಕಾದರೆ ಲೋಹವನ್ನು ಸೇರಿಸಬೇಕೆಂದು ಯಾರಿಗಾದರೂ ತೋರುವುದು ಸಹಜ; ಸಾಣೆಯವನಾದರೋ ಸೇರಿಸುವುದಿಲ್ಲ, ಕಳೆಯುತ್ತಾನೆ. ಉಬ್ಬಿನ ತುದಿಯನ್ನು ಆದಷ್ಟು ಹಾಗೆಯೇ ಉಳಿಸಿ ಬೆನ್ನಿನ ವೃತ್ತವನ್ನು ಚಿಕ್ಕದಾಗಿ ಅರೆದರೆ, ತುದಿಗೂ ಬೆನ್ನಿಗೂ ಇರುವ ಅಂತರ ಬೆಳೆದು ವಾಲ್ವು ಹೆಚ್ಚು ಏಳುತ್ತದೆ. ಆದರೆ ಬೆನ್ನು ತಗ್ಗಿದುದರಿಂದ ಟ್ಯಾಪೆಟ್ಟು ಕೆಳಕ್ಕೆ ಕೂರುತ್ತದೆ, ಆ ಕೊರತೆಯನ್ನು ರಾಕರಿನ ಸ್ಕ್ರೂವಿನಿಂದಲೋ ಉದ್ದದ ಪುಶ್‌ರಾಡಿನಿಂದಲೋ ತುಂಬಬೇಕು. ಅಲ್ಲದೆ ಶಾಫ್ಟಿನ ಗಡಸು ಮೇಲ್ಮೈಯ ಪದರ ತೆಳುವಾದುದು, ಸಾಣೆಯ ಕಲ್ಲು ಅದನ್ನು ದಾಟಿ ಒಳಗಿನ ಮೆದುಲೋಹಕ್ಕೆ ಇಳಿಯಿತೆಂದರೆ ಕೆಲವೇ ತಿಂಗಳಲ್ಲಿ ಉಬ್ಬು ಕರಗಿಹೋಗುತ್ತದೆ. ಬಹುಮಾನದ ಬಟ್ಟಲನ್ನು ಒಂದು ಮಧ್ಯಾಹ್ನದಲ್ಲಿ ಗೆಲ್ಲಬೇಕಾದವನಿಗೆ ಅದು ಸಹ್ಯ, ಮನೆಯ ಕಾರನ್ನು ವರ್ಷಗಟ್ಟಲೆ ಓಡಿಸಬೇಕಾದವನಿಗೆ ಅಲ್ಲ.

ಇನ್ನು ಅಂಬಾಸಡರಿನ ಇಂಜಿನ್ನಿಗೆ ಸಂಬಂಧಿಸಿದ ಒಂದು ಸ್ವಾರಸ್ಯವಾದ ಸಂಗತಿ. 1955ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಎಂ.ಜಿ.ಎ. ಎಂಬ ಎರಡು ಸೀಟಿನ ಸೊಗಸುಗಾರ ಕಾರಿನಲ್ಲಿದ್ದುದೂ ಇದೇ ಕುಲದ 1489 ಸಿ.ಸಿ. ಇಂಜಿನ್ನೇ. ನಮ್ಮ ಅಂಬಾಸಡರಿನಲ್ಲಿ ಐವತ್ತರ ಸುಮಾರು ಕುದುರೆಬಲ ಕೊಟ್ಟ ಆ ಇಂಜಿನ್ನು ಎಂ.ಜಿ.ಎ.ಯಲ್ಲಿ ಮೊದಲು 68, ಆಮೇಲೆ 72 ಕುದುರೆಬಲ ಕೊಟ್ಟಿತು. ಇದನ್ನು ಕೇಳಿದ ಉತ್ಸಾಹಿ ಯುವಕರು ‘ಹಾಗಾದರೆ ಎಂ.ಜಿ.ಯ ಕ್ಯಾಮ್‌ಶಾಫ್ಟು ತರಿಸಿ ಹಾಕಿದರೆ ಆಯಿತು’ ಎಂದು ಬಗೆಯುವುದುಂಟು. ಆಗುವುದಿಲ್ಲ. ಎಂ.ಜಿ.ಗೆ ಒಂದರ ಬದಲು ಎರಡು ಎಸ್.ಯು. ಕಾರ್ಬ್ಯುರೇಟರುಗಳಿದ್ದವು, ದೊಡ್ಡ ವಾಲ್ವುಗಳಿದ್ದವು, ಹೊಗೆ ಸರಾಗವಾಗಿ ಹೊರಡುವ ಕೊಳವೆಗಳಿದ್ದವು. ಕಂಪ್ರೆಷನ್ನು ಎಂಟನ್ನು ದಾಟಿತ್ತು, ಅಂದಿನ ಸಾಧಾರಣ ಪೆಟ್ರೋಲನ್ನು ನೆಚ್ಚಿ ಬಾಳಬೇಕಾಗಿದ್ದ ನಮ್ಮ ಇಂಜಿನ್ನಿನಲ್ಲಿ ಅದು ಏಳರ ಆಸುಪಾಸಿನಲ್ಲಿತ್ತು. ಹೆಚ್ಚಿದ ಇಪ್ಪತ್ತು ಕುದುರೆಗಳಲ್ಲಿ ಕ್ಯಾಮ್‌ಶಾಫ್ಟಿನ ಪಾಲು ಒಂದಂಶ ಮಾತ್ರ. ಉಸಿರಾಟದ ದಾರಿ ಇಕ್ಕಟ್ಟಾಗಿರುವ ಇಂಜಿನ್ನಿಗೆ ವಾಲ್ವನ್ನು ಎಷ್ಟು ಹೊತ್ತು ತೆರೆದಿಟ್ಟರೇನು? ಇದಲ್ಲದೆ ಎಂ.ಜಿ.ಗಳಲ್ಲಿ ಪೆಟ್ರೋಲ್ ಪಂಪು ವಿದ್ಯುತ್ತಿನಿಂದ ನಡೆಯುವಂಥದು. ಕ್ಯಾಮ್‌ಶಾಫ್ಟಿನಿಂದಲೇ ಪಂಪನ್ನು ಒತ್ತಿಸಿಕೊಳ್ಳುವ ಇಂಜಿನ್ನಿಗೆ ಅಂಥ ಶಾಫ್ಟನ್ನು ಕಣ್ಣುಮುಚ್ಚಿ ಹಾಕಿದವನು, ಎಲ್ಲವನ್ನೂ ಜೋಡಿಸಿ ಮುಗಿಸಿದ ಮೇಲೆ ಕಾರ್ಬ್ಯುರೇಟರಿಗೆ ಹನಿ ಪೆಟ್ರೋಲೂ ಬರುತ್ತಿಲ್ಲವೆಂದು ಕಂಡು ತಲೆಯ ಮೇಲೆ ಕೈಹೊತ್ತು ಕೂರಬೇಕಾದೀತು.

ಹಾಗಾದರೆ ತಾಳಿಕೋಟೆಯಲ್ಲಿಯೋ ಬಾಗೇವಾಡಿಯಲ್ಲಿಯೋ ಹಿರಿಯರ ಕಾಲದ ಅಂಬಾಸಡರನ್ನು ಅಕ್ಕರೆಯಿಂದ ಉಳಿಸಿಕೊಂಡವನು ಏನು ಮಾಡತಕ್ಕದ್ದು? ಮೊದಲು ಇರುವ ಶಾಫ್ಟನ್ನು ನೋಡತಕ್ಕದ್ದು. ಈ ಇಂಜಿನ್ನಿನ ಬ್ಲಾಕಿನ ಪಕ್ಕದಲ್ಲಿ ಟ್ಯಾಪೆಟ್ಟಿನ ಮುಚ್ಚಳಗಳಿವೆ. ಪುಶ್‌ರಾಡುಗಳನ್ನು ಎಳೆದು, ಮುಚ್ಚಳ ಬಿಚ್ಚಿ, ಟ್ಯಾಪೆಟ್ಟುಗಳನ್ನು ಒಂದೊಂದಾಗಿ ಎತ್ತಿ, ಯಾವುದು ಯಾವ ಗುಳಿಯದೆಂದು ಗುರುತಿಟ್ಟು, ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಅನುಭವಿ ಮಿಸ್ತ್ರಿ ಎರಡು ಟ್ಯಾಪೆಟ್ಟುಗಳ ಬುಡಗಳನ್ನು ಒಂದಕ್ಕೊಂದು ಎದುರಾಗಿ ಒತ್ತಿ ಬೆರಳುಗಳ ನಡುವೆ ಮೆಲ್ಲಗೆ ಅಲ್ಲಾಡಿಸುತ್ತಾನೆ. ಟ್ಯಾಪೆಟ್ಟಿನ ಬುಡ ಕಣ್ಣಿಗೆ ಚಪ್ಪಟೆಯಾಗಿ ಕಂಡರೂ ಕೂದಲೆಳೆಯಷ್ಟು ಉಬ್ಬಿರಬೇಕು. ಉಬ್ಬಿದ್ದರೆ ಎರಡೂ ಒಂದರ ಮೇಲೊಂದು ಹೊರಳಾಡುತ್ತವೆ, ಸವೆದು ತಗ್ಗುಬಿದ್ದಿದ್ದರೆ ಅಂಚಿಗೆ ಅಂಚು ಕಚ್ಚಿ ಅಲುಗದೆ ನಿಲ್ಲುತ್ತವೆ. ಆ ಉಬ್ಬಿನಿಂದಲೂ ಕ್ಯಾಮಿನ ಸಣ್ಣ ಓರೆಯಿಂದಲೂ ಟ್ಯಾಪೆಟ್ಟು ತಿರುಗುತ್ತಾ ಕೆಲಸ ಮಾಡುವುದರಿಂದಲೇ ಅದು ಬಾಳುತ್ತದೆ. ತಿರುಗುವುದು ನಿಂತಲ್ಲಿ ಸವೆತ ಶುರು. ಆಮೇಲೆ ಕ್ರಾಂಕನ್ನು ಕೈಯಿಂದ ತಿರುಗಿಸುತ್ತಾ ಬ್ಯಾಟರಿಯ ಬೆಳಕಿನಲ್ಲಿ ಕ್ಯಾಮಿನ ತುದಿಗಳನ್ನು ನೋಡಿದರೆ, ಚೆನ್ನಾಗಿರುವ ತುದಿ ನಯವಾಗಿ ಹೊಳೆಯುತ್ತದೆ, ಕೆಟ್ಟದ್ದು ಅಗಲವಾಗಿ, ಬೂದುಬಣ್ಣಕ್ಕೆ ತಿರುಗಿ, ಉಗುರಿಗೆ ಗುಳಿಗಳು ಹತ್ತುತ್ತವೆ. ಹಳೆಯ ಕಾರಿನ ಬಲ ಕುಂದಿತೆಂದು ದೊಡ್ಡ ಶಾಫ್ಟಿಗೆ ಹಂಬಲಿಸುವವರಲ್ಲಿ ಅನೇಕರ ವ್ಯಾಧಿ ಇಷ್ಟೇ: ಕಾರ್ಖಾನೆ ಕೊಟ್ಟ ಎತ್ತರವೇ ಸವೆದುಹೋಗಿರುತ್ತದೆ. ಹೊಸ ಸಾದಾ ಶಾಫ್ಟನ್ನೂ ಅದರೊಡನೆ ಹೊಸ ಟ್ಯಾಪೆಟ್ಟುಗಳನ್ನೂ ಹಾಕಿದರೆ ಅವರಿಗೆ ಹೊಸ ಕಾರೇ ಸಿಕ್ಕಷ್ಟು ಸಂತೋಷವಾಗುತ್ತದೆ.

ಅದಕ್ಕೂ ಮೀರಿದ ಆಸೆಯಿರುವವನು ತನ್ನ ದಾರಿಯ ಲೆಕ್ಕ ಹಾಕಲಿ. ಅಂಬಾಸಡರು ಟಾಪ್ ಗೇರಿನಲ್ಲಿ ಗಂಟೆಗೆ ಅರವತ್ತು ಕಿಲೋಮೀಟರು ಓಡುವಾಗ ಇಂಜಿನ್ನು ನಿಮಿಷಕ್ಕೆ ಎರಡೂಕಾಲು ಸಾವಿರ ಸುತ್ತಿನ ಆಸುಪಾಸಿನಲ್ಲಿರುತ್ತದೆ. ಮುದ್ದೇಬಿಹಾಳದ ದಾರಿಯಲ್ಲಿಯೋ ಸಿಂದಗಿಯ ದಾರಿಯಲ್ಲಿಯೋ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ, ಕುರಿಹಿಂಡುಗಳ ನಡುವೆ, ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಹರಡಿದ ಕಣಗಳನ್ನು ದಾಟುತ್ತ ಹೋಗುವವನ ಇಂಜಿನ್ನು ಬಹುಪಾಲು ಸಾವಿರದೈನೂರಕ್ಕೂ ಎರಡೂವರೆ ಸಾವಿರಕ್ಕೂ ನಡುವೆಯೇ ಬಾಳುತ್ತದೆ. 300 ಡಿಗ್ರಿಯ ಪಂದ್ಯದ ಶಾಫ್ಟಿಗೆ ಎಚ್ಚರವಾಗುವುದೇ ಮೂರೂವರೆ ನಾಲ್ಕು ಸಾವಿರದ ಮೇಲೆ. ಅಲ್ಲಿಯವರೆಗೆ ಅದು ಕೆಮ್ಮುತ್ತದೆ, ಜಗ್ಗುತ್ತದೆ, ಪೆಟ್ರೋಲು ಕುಡಿಯುತ್ತದೆ. ಸಂತೆಯ ದಿನ ಪೇಟೆಯಲ್ಲಿ ನಿಂತಾಗ ಬಂದ್ ಬೀಳದಿರಲೆಂದು ಐಡಲನ್ನು ಸಾವಿರದ ಮೇಲಕ್ಕೆ ಏರಿಸಬೇಕು, ಏಪ್ರಿಲ್ಲಿನ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಹಾಗೆ ನಿಂತ ಗಾಡಿಯ ರೇಡಿಯೇಟರು ಕುದಿಯದೆ ಇದ್ದರೆ ಪುಣ್ಯ.

ಆದುದರಿಂದ ಈ ಸೀಮೆಗೆ ಒಪ್ಪುವುದು ಸಾದಾ ಶಾಫ್ಟಿಗಿಂತ ಒಂದು ಮೆಟ್ಟಿಲು ಮಾತ್ರ ಮೇಲಿನದು; ಡಿಗ್ರಿಯ ಲೆಕ್ಕದಲ್ಲಿ 250ರ ಸುಮಾರಿನದು, ಎರಡು ವಾಲ್ವುಗಳೂ ಏಕಕಾಲಕ್ಕೆ ತೆರೆದಿರುವ ಅವಧಿ ಕಡಮೆಯಿರುವುದು. ಅದನ್ನು ಹಾಕುವ ಮುನ್ನ ಹೆಡ್ಡನ್ನು ಬಿಚ್ಚಿಸಿ ವಾಲ್ವು ಸೀಟುಗಳನ್ನು ಕೂರಿಸಿ, ಹೊಗೆಯ ದಾರಿಯನ್ನು ಸರಾಗಗೊಳಿಸಿ, ಕಾರ್ಬ್ಯುರೇಟರನ್ನು ಸರಿಪಡಿಸುವುದು ಯುಕ್ತ. ಇಷ್ಟನ್ನು ಮಾಡಿದ ಮೇಲೆ ಶಾಫ್ಟೇ ಬೇಡವೆನಿಸಿದರೂ ಆಶ್ಚರ್ಯವಿಲ್ಲ. ಹಾಕುವುದೇ ನಿಶ್ಚಯವಾದರೆ, ಚೈನಿನ ಗುರುತುಗಳನ್ನು ನಂಬಿ ಕೂರದೆ ಡಿಗ್ರಿಯ ಚಕ್ರವನ್ನೂ ಡಯಲ್ ಗೇಜನ್ನೂ ಇಟ್ಟು ಟೈಮಿಂಗನ್ನು ಅಳೆದು ನೋಡಬೇಕು. ಪಿಸ್ಟನ್ನಿನ ತಲೆಯ ಮೇಲೆ ಮೆದುಜೇಡಿಯ ಉಂಡೆಯಿಟ್ಟು ಕೈಯಿಂದ ಎರಡು ಸುತ್ತು ತಿರುಗಿಸಿ, ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಉಳಿದ ಜಾಗವನ್ನು ಪರೀಕ್ಷಿಸಬೇಕು. ಸ್ಪ್ರಿಂಗಿನ ಸುರುಳಿಗಳು ಪೂರ್ತಿ ಎತ್ತಿದಾಗ ಒಂದಕ್ಕೊಂದು ತಾಗಿ ಕಟ್ಟಿಕೊಳ್ಳದಂತೆ ನೋಡಬೇಕು. ಹಳೆಯ ಟ್ಯಾಪೆಟ್ಟುಗಳನ್ನು ಹೊಸ ಶಾಫ್ಟಿನ ಮೇಲೆ ಕೂರಿಸುವುದು ಉಳಿತಾಯವಲ್ಲ, ಎರಡನ್ನೂ ಕೊಲ್ಲುವ ದಾರಿ.

ಮೊದಲ ಸಲ ಇಂಜಿನ್ನು ಹತ್ತಿದೊಡನೆ ಅದನ್ನು ಮೆಲ್ಲಗೆ ಗೊಣಗಲು ಬಿಡುವ ನಮ್ಮ ಗ್ಯಾರೇಜುಗಳ ರೂಢಿ ಇಲ್ಲಿ ಹಾನಿಕರ. ಉಬ್ಬುಗಳಿಗೆ ಎಣ್ಣೆ ದೊರೆಯುವುದು ತಿರುಗುವ ಕ್ರಾಂಕು ಎರಚಿದಾಗಲೇ ಆದುದರಿಂದ, ಉಬ್ಬುಗಳಿಗೂ ಟ್ಯಾಪೆಟ್ಟಿನ ಬುಡಗಳಿಗೂ ಮೊದಲೇ ತಕ್ಕ ಗ್ರೀಸನ್ನು ಬಳಿದು, ಹತ್ತಿದ ಕ್ಷಣದಿಂದ ಇಪ್ಪತ್ತು ನಿಮಿಷ ಎರಡು ಸಾವಿರ ಸುತ್ತಿಗೆ ಕಡಮೆಯಾಗದಂತೆ ಓಡಿಸಬೇಕು. ಇಂದಿನ ಕಾರುಗಳಿಗೆಂದು ಮಾರುವ ಎಣ್ಣೆಗಳಲ್ಲಿ ಸತು ಮತ್ತು ರಂಜಕದ ಅಂಶವನ್ನು ಇಳಿಸಿರುವುದರಿಂದ ಇಂಥ ಹಳೆಯ ಟ್ಯಾಪೆಟ್ಟುಗಳಿಗೆ ಅವು ಸಾಲವು. ಡಬ್ಬಿಯ ಮೇಲಿನ ಬರಹವನ್ನು ಓದಿ, ಆ ಅಂಶ ಹೆಚ್ಚಿರುವ ಎಣ್ಣೆಯನ್ನೇ ಕೇಳಿ ತರಬೇಕು. ಫಿಯಟ್ಟಿನವರಿಗೂ ಇದೇ ಮಾತು. ಅವರ ಇಂಜಿನ್ನಿನ ಸ್ಟ್ರೋಕು ಗಿಡ್ಡದಾದ್ದರಿಂದ ಇನ್ನೂ ಹತ್ತು ಡಿಗ್ರಿ ಮೇಲಕ್ಕೆ ಹೋದರೆ ದೋಷವಿಲ್ಲ. 300 ಡಿಗ್ರಿಯ ಶಾಫ್ಟನ್ನು ಕೊಂಡುಬಿಟ್ಟಿರುವವರು ಅದನ್ನು ಪಂದ್ಯದ ಕಾರಿಟ್ಟವರಿಗೆ ಮಾರಿಬಿಡುವುದು ಒಳಿತು.